ಹಲವಾಗಲಿನ ಕಟ್ಟೆಯಲ್ಲಿ ರಣಜಿ ಮಾತು

ದಾವಣಗೆರೆಯಲ್ಲಿ ರೈಲಿಳಿದು ಹರಪನಹಳ್ಳಿ ಬಸ್ಸಿನಲ್ಲಿ ಕುಳಿತ ಕೂಡಲೇ ನನ್ನ ಮಗ ಕೇಳಿದ ಮೊದಲ ಪ್ರಶ್ನೆ: ‘ಅಮ್ಮಾ, ಅಜ್ಜನ ಮನೆಯಲ್ಲಿ ಟಿ.ವಿ. ಇದೆ ತಾನೇ?’

‘ಇದೆ’ ಎಂದೆ. ಅವನಿಗೆ ಸಮಾಧಾನವಾಯಿತು. ಐದನೇ ತರಗತಿಯ ಪರೀಕ್ಷೆ ಮುಗಿಸಿ ಬೇಸಿಗೆ ರಜೆಗೆ ಹೊರಟವನು. ಮೈಮೇಲೆ ಆರ್‌ಸಿಬಿಯ ಕೆಂಪು ಅಂಗಿ. ದಿನವೂ ಸಂಜೆ ಐಪಿಎಲ್ ನೋಡಬೇಕು, ಅದೊಂದೇ ಅವನ ಚಿಂತೆ. ಕರೆಂಟು ಇರುತ್ತದೋ ಇಲ್ಲವೋ ಎಂಬುದನ್ನು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾವು ಹೊರಟಿದ್ದು ಹಲವಾಗಲಿಗೆ, ನನ್ನ ದೊಡ್ಡಪ್ಪನ ಮನೆಗೆ. ಹರಪನಹಳ್ಳಿ ತಾಲ್ಲೂಕು ಎಂದರೆ ಜನ ಉಚ್ಚಂಗಿದುರ್ಗದ ಹೆಸರು ಹೇಳುತ್ತಾರೆ, ಬಾಗಳಿಯ ಕಲ್ಲೇಶ್ವರ ದೇವಾಲಯದ ಹೆಸರು ಹೇಳುತ್ತಾರೆ. ಅವುಗಳನ್ನು ನೋಡಲು ದೂರದಿಂದ ಬರುವವರಿದ್ದಾರೆ. ಹಲವಾಗಲಿಗೆ ಹಾಗೆ ನೋಡಲು ಬರುವವರು ಕಡಿಮೆ, ನೆಂಟರು ಬರುತ್ತಾರೆ. ಊರಿನ ಸಮೀಪದಲ್ಲೇ ತುಂಗಭದ್ರೆ ಹರಿಯುತ್ತಾಳೆ. ಆಚೆ ದಡ ಹಾವೇರಿ ಜಿಲ್ಲೆ. ನೀರು ಸಿಗುವ ಕಡೆ ಭತ್ತದ ಗದ್ದೆ, ಉಳಿದ ಕಡೆ ಮೆಕ್ಕೆಜೋಳದ ಹೊಲ. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ತಗ್ಗಿನ ಗದ್ದೆಗಳ ಗತಿ ದೇವರೇ ಬಲ್ಲ. ನಾವು ಹೋದದ್ದು ಏಪ್ರಿಲಿನಲ್ಲಿ. ಹೊಳೆ ಮೈ ಸಣ್ಣ ಮಾಡಿಕೊಂಡು ಮರಳ ನಡುವೆ ಸದ್ದಿಲ್ಲದೆ ಹರಿಯುತ್ತಿತ್ತು.

ದೊಡ್ಡಪ್ಪನಿಗೆ ಈಗ ಎಪ್ಪತ್ತೆಂಟು. ಕಣ್ಣು ಬಹುಮಟ್ಟಿಗೆ ಹೋಗಿದೆ. ಬೆಳಕು, ನೆರಳು ಗೊತ್ತಾಗುತ್ತವೆ, ಮುಖ ಗೊತ್ತಾಗುವುದಿಲ್ಲ. ಬಾಗಿಲಲ್ಲಿ ನಿಂತ ಮಗನ ತಲೆ, ಭುಜ ತಡವಿ, ‘ಎಷ್ಟು ಎತ್ತರ ಆಗ್ಯಾನ! ಬೌಲರ್ ಆಗೋ ಲಕ್ಷಣ ಐತಿ’ ಎಂದರು. ಮಗನಿಗೆ ಅಷ್ಟರಲ್ಲೇ ಅಜ್ಜ ಇಷ್ಟವಾಗಿಬಿಟ್ಟರು.

ಸಂಜೆ ಏಳೂವರೆಗೆ ಟಿ.ವಿ. ಮುಂದೆ ಕುಳಿತೆವು. ಎರಡು ಓವರ್ ಆಗಿರಬೇಕು, ಕರೆಂಟು ಹೋಯಿತು. ಮಗನ ಮುಖ ಅಳುವಂತಾಯಿತು. ದೊಡ್ಡಪ್ಪ ಕೋಲು ಹಿಡಿದು ಎದ್ದರು. ‘ಬಾರಪಾ, ಕಟ್ಟಿಗೆ ಹೋಗಾಣ. ಅಲ್ಲಿ ಕರೆಂಟಿಲ್ದ ಆಟ ನಡೀತೈತಿ.’

* * *

ಬೇವಿನ ಮರದ ಕೆಳಗಿನ ಕಟ್ಟೆ. ಐದಾರು ಜನ ಆಗಲೇ ಕುಳಿತಿದ್ದರು. ಕಿರಾಣಿ ಅಂಗಡಿಯ ಕಾಕಾ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಒಬ್ಬರು, ದಾವಣಗೆರೆಯಲ್ಲಿ ಕೆಲಸಕ್ಕಿರುವ ಇಬ್ಬರು ಯುವಕರು, ಅಪ್ಪನ ತೊಡೆಗೊರಗಿ ಕುಳಿತ ಒಬ್ಬ ಹುಡುಗಿ. ನಡುವೆ ಪೇಪರಿನ ಮೇಲೆ ಮಂಡಕ್ಕಿ, ಬಿಸಿ ಮಿರ್ಚಿ.

ಮಗನ ಕೆಂಪು ಅಂಗಿಯ ಮೇಲೆ ಮೊಬೈಲ್ ಬೆಳಕು ಬಿಟ್ಟು ಕಂಡಕ್ಟರ್ ಮಾಮ ಕೇಳಿದರು: ‘ಏನಪಾ, ನಿಮ್ಮ ಟೀಮು ಯಾವುದು?’

‘ಆರ್‌ಸಿಬಿ!’

‘ಅದು ಎರಡು ತಿಂಗಳ ಟೀಮು. ಉಳಿದ ಹತ್ತು ತಿಂಗಳು?’

ಮಗ ನನ್ನ ಮುಖ ನೋಡಿದ. ದೊಡ್ಡಪ್ಪನೇ ಅವನ ನೆರವಿಗೆ ಬಂದರು. ‘ಕರ್ನಾಟಕ ಅನ್ನು. ರಣಜಿ ಟ್ರೋಫಿ ಎಂಟು ಸಲ ಗೆದ್ದ ಟೀಮು.’

ಮಕ್ಕಳೇ, ರಣಜಿ ಟ್ರೋಫಿ ಎಂದರೆ ನಮ್ಮ ದೇಶದ ರಾಜ್ಯ ತಂಡಗಳ ನಡುವಿನ ಕ್ರಿಕೆಟ್ ಪಂದ್ಯಾವಳಿ. ನಾಲ್ಕು ದಿನ, ಐದು ದಿನ ನಡೆಯುವ ಆಟ. ಇಪ್ಪತ್ತು ಓವರಿನ ಆಟ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ, 1934ರಲ್ಲಿ ಇದು ಶುರುವಾಯಿತು. ಐದು ದಿನವಾದರೂ ಫೈನಲ್ ಮುಗಿಯದಿದ್ದರೆ, ಮೊದಲ ಇನಿಂಗ್ಸ್‌ನಲ್ಲಿ ಹೆಚ್ಚು ರನ್ ಮಾಡಿದವರಿಗೆ ಕಪ್. ಈ ನಿಯಮ ನೆನಪಿರಲಿ, ಮುಂದೆ ಬೇಕಾಗುತ್ತದೆ.

‘ನಿನಗೊಂದು ಒಗಟು ಹೇಳ್ತೀನಿ’ ಎಂದರು ದೊಡ್ಡಪ್ಪ. ‘1934ರ ನವೆಂಬರ್ 4ಕ್ಕ ಮೊದಲ್ನೇ ರಣಜಿ ಪಂದ್ಯ ಆತು. ಮದರಾಸಿನ ಚೆಪಾಕ್ ಮೈದಾನದಾಗ. ಮದರಾಸು ಒಂದು ಕಡೆ, ಮೈಸೂರು ಇನ್ನೊಂದು ಕಡೆ. ಒಂದೇ ದಿನಕ್ಕ ಆಟ ಮುಗೀತು, ಮೈಸೂರು ಸೋತುಬಿಡ್ತು. ಈಗ ಹೇಳು, ಅವತ್ತು ಹಲವಾಗಲಿನವರು ಯಾರ ಕಡೆ?’

‘ಮೈಸೂರು ಕಡೆ! ಈಗಿನ ಕರ್ನಾಟಕ ಅಂದ್ರೆ ಆಗಿನ ಮೈಸೂರು ಅಲ್ವಾ?’

ಕಟ್ಟೆ ಗೊಳ್ಳೆಂದು ನಕ್ಕಿತು. ಉತ್ತರ ತಪ್ಪು. ಆಗ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಲೆಕ್ಕದ ಪ್ರಕಾರ ಆ ದಿನ ಗೆದ್ದ ತಂಡವೇ ಹಲವಾಗಲಿನವರದು!

ದೊಡ್ಡಪ್ಪ ಹುಟ್ಟಿದ್ದೂ ಮದರಾಸು ಪ್ರಾಂತ್ಯದಲ್ಲೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. 1997ರಲ್ಲಿ ಹರಪನಹಳ್ಳಿಯನ್ನು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ದೊಡ್ಡಪ್ಪ ಮಾತ್ರ ಅದೇ ಮನೆಯಲ್ಲಿ, ಅದೇ ಕಟ್ಟೆಯ ಮೇಲೆ.

‘ಹಂಗಾದ್ರೆ ಕರ್ನಾಟಕ ನಮ್ಮ ಟೀಮು ಅಂತ ಹೆಂಗೆ ಹೇಳ್ತೀರಿ ಅಜ್ಜ?’ ಎಂದ ಮಗ. ಒಳ್ಳೆಯ ಪ್ರಶ್ನೆಯೇ. ದೊಡ್ಡಪ್ಪ ಕೋಲನ್ನು ಹೊಳೆಯ ಕಡೆ ತೋರಿದರು.

‘ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಾಗ. ಭದ್ರಾವತಿ ಭದ್ರಾ ಹೊಳೆ ದಂಡೀಮ್ಯಾಲೆ ಐತಿ. ಆ ಭದ್ರಾ ಕೂಡಲಿಯಾಗ ತುಂಗಾ ಕೂಡ ಸೇರಿ, ಹೊನ್ನಾಳಿ, ಹರಿಹರ ದಾಟಿ ಇಲ್ಲಿಗೇ ಬರ್ತಾಳ. ವಿಶ್ವನಾಥ್ ಸಣ್ಣಾವಿದ್ದಾಗ ಕಂಡ ಹೊಳೀ ನೀರೇ ನಾವು ಕುಡಿದಿದ್ದು. ಇನ್ನೇನು ಬೇಕು?’

‘ವಿನಯ್ ಕುಮಾರ್ ಇನ್ನೂ ಹತ್ತಿರದವನು’ ಎಂದ ದಾವಣಗೆರೆಯ ಯುವಕ. ಆರ್. ವಿನಯ್ ಕುಮಾರ್ ದಾವಣಗೆರೆಯವರು. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದೇ ಹೆಸರಾದ ವೇಗದ ಬೌಲರ್. ಅವರ ನಾಯಕತ್ವದಲ್ಲಿ ಕರ್ನಾಟಕ 2013–14 ಮತ್ತು 2014–15, ಸತತ ಎರಡು ವರ್ಷ ರಣಜಿ ಗೆದ್ದಿತು. ಆಗ ಹಲವಾಗಲೂ ದಾವಣಗೆರೆ ಜಿಲ್ಲೆಯಲ್ಲೇ ಇತ್ತಲ್ಲ! ‘ನಮ್ಮ ಜಿಲ್ಲೆಯ ಹುಡುಗ ಕಪ್ ಎತ್ತಿದ’ ಎಂದು ಈ ಕಟ್ಟೆಯಲ್ಲಿ ಪೇಡೆ ಹಂಚಿದ್ದರಂತೆ.

ಮತ್ತೊಂದು ಸೋಜಿಗ: ವಿಶ್ವನಾಥ್ ಹುಟ್ಟಿದ್ದು 1949ರ ಫೆಬ್ರುವರಿ 12, ವಿನಯ್ ಕುಮಾರ್ ಹುಟ್ಟಿದ್ದು 1984ರ ಫೆಬ್ರುವರಿ 12. ಇಬ್ಬರದೂ ಒಂದೇ ದಿನ!

‘ಗದಗಿನ ಸುನಿಲ್ ಜೋಶಿನ್ನ ಬಿಟ್ರಲ್ಲ’ ಎಂದು ಕಂಡಕ್ಟರ್ ಮಾಮ ನಡುವೆ ಬಂದರು. ಹುಡುಗನಾಗಿದ್ದಾಗ ಜೋಶಿ ಬೆಳಗಿನ ಜಾವದ ರೈಲಿಗೆ ಗದಗಿನಿಂದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ ಮತ್ತೆ ಶಾಲೆಗೆ ವಾಪಸು ಬರುತ್ತಿದ್ದರು. ಆ ಓಡಾಟ ವ್ಯರ್ಥವಾಗಲಿಲ್ಲ. 1995–96ರ ರಣಜಿಯಲ್ಲಿ ಐನೂರಕ್ಕೂ ಹೆಚ್ಚು ರನ್ನು, ಐವತ್ತಕ್ಕೂ ಹೆಚ್ಚು ವಿಕೆಟ್ ಎರಡನ್ನೂ ಪಡೆದರು. ಆ ವರ್ಷ ಕಪ್ಪೂ ನಮ್ಮದೇ.

ಇಷ್ಟು ಹೊತ್ತು ಸುಮ್ಮನಿದ್ದ ಹುಡುಗಿ, ‘ಹೆಣ್ಮಕ್ಕಳು ಯಾರೂ ಇಲ್ಲೇನು?’ ಎಂದಳು. ಮಿರ್ಚಿ ತಂದುಕೊಟ್ಟು ಅಲ್ಲೇ ಕುಳಿತಿದ್ದ ದೊಡ್ಡಮ್ಮ ತಟ್ಟನೆ ಹೇಳಿದರು: ‘ಯಾಕಿಲ್ಲ? ಶಾಂತಾ ರಂಗಸ್ವಾಮಿ!’ 1976ರಲ್ಲಿ ಭಾರತದ ಮಹಿಳೆಯರು ಮೊದಲ ಟೆಸ್ಟ್ ಪಂದ್ಯ ಆಡಿದ್ದು ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ನಮ್ಮ ಶಾಂತಾ. ಹುಡುಗಿ ಆ ಹೆಸರನ್ನು ಎರಡು ಸಲ ತನ್ನಷ್ಟಕ್ಕೇ ಹೇಳಿಕೊಂಡಳು.

* * *

ಆಮೇಲೆ ಎಲ್ಲರೂ ಕಾದಿದ್ದ ಕತೆ ಬಂತು. 1974ರ ಸೆಮಿಫೈನಲ್.

ನಾನು ಇದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೂ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡಾಗ ಇವತ್ತಿಗೂ ಕಿವಿ ನಿಮಿರುತ್ತದೆ.

‘ಹದಿನೈದು ವರ್ಷ. ಒಂದಲ್ಲ, ಎರಡಲ್ಲ, ಸತತ ಹದಿನೈದು ವರ್ಷ ರಣಜಿ ಬೊಂಬಾಯಿದೇ. ಯಾರೂ ಅದನ್ನ ಸೋಲಿಸಾಕ ಆಗಿದ್ದಿಲ್ಲ. ನಾವು ಮೈಸೂರು ಅಂತ ಇದ್ದಾಗ ಎರಡು ಸಲ ಫೈನಲಿಗೆ ಹೋಗಿ, ಎರಡೂ ಸಲ ಅವರ ಕೈಲೇ ಸೋತಿದ್ವಿ. ಈ ಸಲ ಕರ್ನಾಟಕ ಅಂತ ಹೊಸ ಹೆಸರು. ಹೆಸರಿಟ್ಟು ಇನ್ನೂ ಆರು ತಿಂಗಳಾಗಿದ್ದಿಲ್ಲ. ಬೆಂಗಳೂರಾಗ ಆಟ. ನಾಯಕ ಪ್ರಸನ್ನ.’

‘ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ನಮ್ಮದು 385. ಬೊಂಬಾಯಿ ಆಡಾಕ ಬಂತು. ಗವಾಸ್ಕರ್! ಅವನು ನಿಂತ್ರೆ ಮುಗೀತು. ಪ್ರಸನ್ನ ಚೆಂಡು ಮ್ಯಾಲಕ್ಕ ಎತ್ತಿದ. ಅದು ಬರ್ತೈತಿ, ಬರ್ತೈತಿ ಅನ್ನೋದ್ರಾಗ ತಿರುಗಿ ವಿಕೆಟ್ಟಿಗೆ ಬಡೀತು! ಆದ್ರೂ ವಾಡೇಕರ್ ನಿಂತಿದ್ದ. 62 ಹೊಡೆದಿದ್ದ. ಓಡೋದ್ರಾಗ ಹಿಂದಕ್ಕ ತಿರುಗಾಕ ಹೋಗಿ ಕಾಲು ಜಾರಿತು. ರನ್ ಔಟ್! ನಾನು ಕಣ್ಣಾರೆ ನೋಡೀನಿ. ಪಂಚೆ ಮ್ಯಾಲೆತ್ತಿ ಕುಣಿದೀನಿ. ಬೊಂಬಾಯಿ 307ಕ್ಕ ಆಲ್ ಔಟ್. ಹದಿನೈದು ವರ್ಷದ ಕೋಟೆ ಬಿತ್ತು.’

ಫೈನಲ್ ಜೈಪುರದಲ್ಲಿ ರಾಜಸ್ತಾನದ ವಿರುದ್ಧ. ಅದನ್ನೂ ಗೆದ್ದರು. ಕರ್ನಾಟಕ ಎಂಬ ಹೆಸರಿನಲ್ಲಿ ಆಡಿದ ಮೊದಲ ವರ್ಷವೇ ಕರ್ನಾಟಕಕ್ಕೆ ಮೊದಲ ಕಪ್.

ಮಗ ಮಂಡಕ್ಕಿ ತಿನ್ನುವುದನ್ನು ಮರೆತಿದ್ದ. ‘ಅಜ್ಜ, ನೀವು ನಿಜವಾಗ್ಲೂ ಸ್ಟೇಡಿಯಮ್ಮಲ್ಲಿ ಇದ್ರಾ?’

‘ಮತ್ತೆ!’ ಎಂದರು ದೊಡ್ಡಪ್ಪ.

ಸೋತ ಕತೆಗಳೂ ಬಂದವು. ನಿಜ ಹೇಳಬೇಕೆಂದರೆ ಕಟ್ಟೆಯವರು ಗೆದ್ದ ಪಂದ್ಯಕ್ಕಿಂತ ಸೋತ ಪಂದ್ಯದ ಬಗ್ಗೆ ಹೆಚ್ಚು ಹೊತ್ತು ಮಾತಾಡಿದರು. 1982ರ ಸೆಮಿಫೈನಲ್‌ನಲ್ಲಿ ನಮ್ಮ ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಬೊಂಬಾಯಿಯನ್ನು ಎಷ್ಟು ಕಾಡಿದರೆಂದರೆ, ಅವರ ಚೆಂಡು ಎದುರಿಸಲು ಗವಾಸ್ಕರ್ ಎಡಗೈಯಲ್ಲಿ ಬ್ಯಾಟ್ ಮಾಡಿದರು! ಬಲಗೈ ಆಟಗಾರ, ಭಟ್ ಬಂದಾಗ ಮಾತ್ರ ಎಡಗೈ. ಅಷ್ಟಾಗಿ ಫೈನಲಿಗೆ ಹೋದೆವು. ದೆಹಲಿಯ ವಿರುದ್ಧ 705 ರನ್ ಮಾಡಿದೆವು. ಏಳುನೂರೈದು! ಮಾಡಿಯೂ ಸೋತೆವು. ದೆಹಲಿ ಎಂಟು ವಿಕೆಟ್ಟಿಗೆ 707 ಮಾಡಿಬಿಟ್ಟಿತು. ಮೊದಲ ಇನಿಂಗ್ಸ್ ನಿಯಮ ನೆನಪಿದೆಯಲ್ಲ? ಅದೇ ನಿಯಮ ಅವರಿಗೆ ಕಪ್ ಕೊಟ್ಟಿತು.

2010ರ ಜನವರಿಯ ಮೈಸೂರಿನ ಫೈನಲ್ ನೆನೆದಾಗ ಯುವಕರಿಬ್ಬರೂ ತಲೆ ಹಿಡಿದುಕೊಂಡರು. ಮುಂಬೈ ವಿರುದ್ಧ ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. 331ಕ್ಕೆ ಎಲ್ಲರೂ ಔಟ್. ಆರು ರನ್ನಿನ ಸೋಲು. ‘ಆರು ರನ್ನು ಅಂದ್ರೆ ಒಂದೇ ಹೊಡೆತ’ ಎಂದು ಒಬ್ಬ ಈಗಲೂ ನೆಲಕ್ಕೆ ಗುದ್ದಿದ.

‘ನಮಗೊಬ್ಬರಿಗೇ ಅಲ್ಲಪಾ ನೋವು’ ಎಂದರು ದೊಡ್ಡಪ್ಪ. ‘1999ರಾಗ ಬೆಂಗಳೂರಾಗ ಮಧ್ಯಪ್ರದೇಶದ ಜೋಡಿ ಫೈನಲ್. ಮೊದಲ್ನೇ ಇನಿಂಗ್ಸ್ ಅವರೇ ಮುಂದಿದ್ರು. ಕೊನೇ ದಿನ ಸುಮ್ನ ನಿಂತಿದ್ರೂ ಕಪ್ಪು ಅವರದೇ. ನಮ್ಮ ವಿಜಯ್ ಭಾರದ್ವಾಜ್ ಆರು ವಿಕೆಟ್ ಕಿತ್ತ. ಗೆದ್ದಿವಿ. ಅವರ ನಾಯಕ ಚಂದ್ರಕಾಂತ್ ಪಂಡಿತ್. ಅವನ ಸಂಕಟ ಏನಿರಬೇಕು ಹೇಳು.’

ಆ ಪಂಡಿತ್ ಇಪ್ಪತ್ಮೂರು ವರ್ಷ ಕಾದರು. 2022ರಲ್ಲಿ ಮಧ್ಯಪ್ರದೇಶ ಮೊದಲ ಸಲ ರಣಜಿ ಗೆದ್ದಾಗ ಅವರೇ ಕೋಚ್. ಗೆದ್ದದ್ದು ಎಲ್ಲಿ ಗೊತ್ತೆ? ಬೆಂಗಳೂರಿನ ಅದೇ ಚಿನ್ನಸ್ವಾಮಿ ಮೈದಾನದಲ್ಲಿ! ಅವತ್ತು ಈ ಕಟ್ಟೆಯವರೂ ಚಪ್ಪಾಳೆ ತಟ್ಟಿದರಂತೆ.

ಕರೆಂಟು ಬಂತು. ಯಾರೂ ಏಳಲಿಲ್ಲ. ನನ್ನ ಮಗನೂ ಏಳಲಿಲ್ಲ.

* * *

ಮರುದಿನ ಬೆಳಿಗ್ಗೆ ದೊಡ್ಡಪ್ಪ ಟ್ರಂಕಿನಿಂದ ಒಂದು ಹಳೆಯ ಲೆಕ್ಕದ ಪುಸ್ತಕ ತೆಗೆಸಿದರು. ಉದ್ದನೆಯದು, ಕೆಂಪು ಬಟ್ಟೆಯ ರಟ್ಟಿನದು. ಮುಂದಿನಿಂದ ಹೊಲದ ಲೆಕ್ಕ: ಗೊಬ್ಬರ, ಆಳಿನ ಕೂಲಿ, ಭತ್ತದ ಚೀಲ. ಹಿಂದಿನಿಂದ ರಣಜಿ ಲೆಕ್ಕ. ರೇಡಿಯೊದಲ್ಲಿ ಕೇಳಿದ್ದು, ಪೇಪರಿನಲ್ಲಿ ಓದಿದ್ದು ಎಲ್ಲ ಬರೆದಿಟ್ಟಿದ್ದರು. ‘ನಾನು ಓದಿ ನಾಲ್ಕು ವರ್ಷಾತು. ನೀ ಓದು, ಕೇಳ್ತೀನಿ’ ಎಂದು ಮಗನ ಕೈಗೆ ಕೊಟ್ಟರು.

ಅಜ್ಜನ ಬರವಣಿಗೆ ದುಂಡಗೆ, ಓದಲು ಸುಲಭ. ಮಗ ಉತ್ಸಾಹದಿಂದ ಓದುತ್ತ ಹೋದ. ದೊಡ್ಡಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. 1974ರ ಪುಟ ಬಂತು. ಮಗ ಗಟ್ಟಿಯಾಗಿ ಓದಿದ:

‘ಪಂಪಿನ ಬೆಲ್ಟ್ ಹರಿದಿದೆ. ದಿನವಿಡೀ ಗದ್ದೆಯಲ್ಲೇ. ಮಾಸ್ತರು ಬೆಂಗಳೂರಿನಿಂದ ಇನ್ನೂ ಬಂದಿಲ್ಲ. ರಾತ್ರಿ ರೇಡಿಯೊ: ಬೊಂಬಾಯಿ 307. ಗೆದ್ದೆವು.’

ಓದಿ ಮುಗಿಸಿ ತಲೆಯೆತ್ತಿದ. ‘ಅಜ್ಜ, ನೀವು ಸ್ಟೇಡಿಯಮ್ಮಲ್ಲಿ ಇದ್ದೆ ಅಂದ್ರಲ್ಲ? ಇಲ್ಲಿ ಗದ್ದೆಯಲ್ಲಿ ಅಂತ ಬರೆದಿದೆ.’

ದೊಡ್ಡಪ್ಪ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕುಳಿತು, ಕೋಲು ತಡಕಿಕೊಂಡು ಹಿತ್ತಲಿಗೆ ಹೋದರು. ಮಗ ಹೆದರಿದ. ‘ಅಮ್ಮಾ, ನಾನು ತಪ್ಪು ಓದಿದ್ನಾ?’

ತಪ್ಪು ಓದಿರಲಿಲ್ಲ. ನನಗೂ ಮುಖಕ್ಕೆ ಹೊಡೆದ ಹಾಗಾಗಿತ್ತು. ‘ನಮ್ಮ ದೊಡ್ಡಪ್ಪ ಆ ಪಂದ್ಯ ನೋಡಿದವರು’ ಎಂದು ಕಾಲೇಜಿನಲ್ಲಿ, ಆಫೀಸಿನಲ್ಲಿ ಎಷ್ಟು ಸಲ ಜಂಭ ಕೊಚ್ಚಿಕೊಂಡಿದ್ದೇನೆ! ದೊಡ್ಡಮ್ಮ ಮಾತ್ರ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಹೇಳಿದರು: ‘ನನಗೆ ಗೊತ್ತಿತ್ತು ಬಿಡವಾ. ಮಾಸ್ತರು ತೀರಿಕೊಂಡ ಮ್ಯಾಲೆ ಹಿಂಗಾತು.’

ಆಗ ನನಗೆ ನೆನಪಾಯಿತು. ಮಾಸ್ತರು ದೊಡ್ಡಪ್ಪನ ಜೀವದ ಗೆಳೆಯ, ಶಾಲೆಯ ಮೇಷ್ಟ್ರು. ನಾನು ಚಿಕ್ಕವಳಿದ್ದಾಗ ಈ ಕತೆಯನ್ನು ಅವರಿಬ್ಬರೂ ಸೇರಿ ಹೇಳುತ್ತಿದ್ದರು. ಒಬ್ಬರು ಗವಾಸ್ಕರ್ ತನಕ ತಂದರೆ ಇನ್ನೊಬ್ಬರು ವಾಡೇಕರನ್ನು ಜಾರಿಸುತ್ತಿದ್ದರು. ಆಗ ಅದರಲ್ಲಿ ‘ನಾನು’ ಇರಲಿಲ್ಲ. ‘ನಾವು ನೋಡಿದ್ವಿ, ನಾವು ಕುಣಿದ್ವಿ’ ಎಂದಿರುತ್ತಿತ್ತು. ಮಾಸ್ತರು ಹೋಗಿ ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ‘ನಾವು’ ಎಂಬುದು ‘ನಾನು’ ಆಗಿತ್ತು.

ಹಿತ್ತಲಿನಲ್ಲಿ ನುಗ್ಗೆಮರದ ಕೆಳಗೆ ಕುಳಿತಿದ್ದ ಅಜ್ಜನ ಬಳಿಗೆ ಮಗ ತಾನಾಗಿಯೇ ಹೋದ. ನಾನು ಬಾಗಿಲ ಹಿಂದೆ ನಿಂತೆ.

‘ಸಿಟ್ಟು ಬಂತಾ ಅಜ್ಜ?’

‘ಇಲ್ಲಪಾ. ನಾಚಿಕೆ ಆತು.’ ಸ್ವಲ್ಪ ಹೊತ್ತು ಬಿಟ್ಟು ದೊಡ್ಡಪ್ಪ ಹೇಳಿದರು. ‘ಇಬ್ರೂ ಹೋಗಬೇಕಂತ ರೊಕ್ಕ ಕೂಡಿಸಿಟ್ಟಿದ್ವಿ. ಹೊರಡೋ ಹಿಂದಿನ ದಿನ ಪಂಪ್ ಕೆಟ್ಟು ನಿಂತ್ಕೊಂಡ್ತು. ಗದ್ದೆ ಒಣಗ್ತಿತ್ತು. ನೀ ಹೋಗಿ ಬಂದು ನನಗ ಹೇಳು ಅಂತ ಮಾಸ್ತರನ್ನ ಕಳಿಸಿದೆ. ಹರಿಗೋಲಾಗ ಹೊಳೆ ದಾಟಿ, ರಾಣೆಬೆನ್ನೂರಾಗ ರೈಲು ಹತ್ತಿದ. ಬಂದಾಂವ ಒಂದು ವಾರ ಹೇಳಿದ. ಒಂದೊಂದು ಚೆಂಡೂ ಹೇಳಿದ. ಹೇಳೋವಾಗ ಯಾವತ್ತೂ “ನಾನು ನೋಡಿದೆ” ಅನ್ನಲಿಲ್ಲ, “ನಾವು ನೋಡಿದ್ವಿ” ಅಂತಿದ್ದ. ಅವನು ಹೋದ ಮ್ಯಾಲೆ ಒಬ್ಬನೇ ಕುಂತು “ನಾವು” ಅಂದ್ರ ಎಲ್ರೂ ಇನ್ನೊಬ್ರು ಯಾರು ಅಂತ ಕೇಳ್ತಿದ್ರು. ಪ್ರತಿ ಸಲ ಅವನು ಸತ್ತದ್ದನ್ನ ಹೇಳಬೇಕಾಗ್ತಿತ್ತು. ಬ್ಯಾಡಾತು.’

ಮಗ ಏನೂ ಮಾತಾಡಲಿಲ್ಲ. ಅಜ್ಜನ ಕೋಲನ್ನು ತನ್ನ ಕೈಗೆ ತೆಗೆದುಕೊಂಡು ಅವರ ಪಕ್ಕದಲ್ಲೇ ಕುಳಿತ.

* * *

ಅಂದು ಮಧ್ಯಾಹ್ನ ಅಮೆರಿಕದಿಂದ ದೊಡ್ಡಪ್ಪನ ಮಗ ಫೋನ್ ಮಾಡಿದ. ಬೆಳಗಿನ ಸಂಗತಿ ಹೇಳಿದಾಗ ಅವನು ಬೇಸ್‌ಬಾಲ್ ವಿಷಯ ತೆಗೆದ. ಅಲ್ಲಿಯೂ ಅಜ್ಜಂದಿರು ಹೀಗೇ ಹಳೆಯ ಪಂದ್ಯಗಳನ್ನು ಮೊಮ್ಮಕ್ಕಳಿಗೆ ಹೇಳುತ್ತಾರಂತೆ. ಪೆನ್ಸಿಲ್ ಹಿಡಿದು ಪ್ರತಿ ಚೆಂಡನ್ನೂ ಗುರುತು ಹಾಕಿಕೊಂಡು ಆಟ ನೋಡುವವರೂ ಇದ್ದಾರಂತೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಡಾಡ್ಜರ್ಸ್ ಎಂಬ ತಂಡವಿತ್ತು. 1957ರ ಆಟ ಮುಗಿದ ಮೇಲೆ ಆ ತಂಡ ಗಂಟುಮೂಟೆ ಕಟ್ಟಿ ದೇಶದ ಇನ್ನೊಂದು ತುದಿಯ ಲಾಸ್ ಏಂಜಲಿಸ್‌ಗೆ ಹೋಗಿಬಿಟ್ಟಿತು! ಊರಿನವರು ಊರಲ್ಲೇ ಉಳಿದರು.

‘ನಮ್ಮ ಟೀಮು ಎಲ್ಲೂ ಹೋಗಲಿಲ್ಲ, ನಮ್ಮೂರೇ ರಾಜ್ಯ, ಜಿಲ್ಲೆ ಅಂತ ತಿರುಗಾಡ್ತು’ ಎಂದು ದೊಡ್ಡಪ್ಪ ನಕ್ಕರು. ಬೆಳಗಿನಿಂದ ಅವರು ನಕ್ಕದ್ದು ಅದೇ ಮೊದಲು.

ಸಂಜೆ ಕಟ್ಟೆಯ ಮೇಲೆ ಕುಳಿತ ಕೂಡಲೇ, ಯಾರೂ ಕೇಳದೆಯೇ ದೊಡ್ಡಪ್ಪ ಹೇಳಿದರು: ‘ನಿನ್ನೆ ಒಂದು ಸುಳ್ಳು ಹೇಳೀನಿ. 1974ರಾಗ ನಾನು ಬೆಂಗಳೂರಿಗೆ ಹೋಗಿದ್ದಿಲ್ಲ. ಹೋಗಿದ್ದು ಮಾಸ್ತರು.’

ಎಲ್ಲರೂ ಸುಮ್ಮನಾದರು. ಕಿರಾಣಿ ಅಂಗಡಿಯ ಕಾಕಾ ಎಲೆ ಅಡಿಕೆ ಬಾಯಿಗಿಟ್ಟುಕೊಳ್ಳುತ್ತ ಹೇಳಿದರು: ‘ಗೊತ್ತೈತಿ. ಊರಿಗೇ ಗೊತ್ತೈತಿ. ಅವತ್ತು ಬೆಲ್ಟಿಗೆ ನಮ್ಮಪ್ಪನ ಹತ್ರ ರೊಕ್ಕ ಇಸ್ಕೊಂಡು ಹೋಗಿದ್ದು ನೀನೇ ಅಲ್ಲೇನು? ನೀ ಹೇಳೋದು ಚೊಲೋ ಇರ್ತೈತಿ, ಅದಕ್ಕ ಸುಮ್ನಿದ್ವಿ.’

ದೊಡ್ಡಪ್ಪನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕಂಡಕ್ಟರ್ ಮಾಮ, ‘ಇನ್ನೊಮ್ಮೆ ಹೇಳು. ಈ ಸಲ ಮಾಸ್ತರನ್ನ ಸೇರಿಸಿ ಹೇಳು’ ಎಂದರು.

ದೊಡ್ಡಪ್ಪ ಹೇಳಿದರು. ಹರಿಗೋಲಿನಿಂದ ಶುರುಮಾಡಿದರು. ಈ ಸಲ ಕತೆ ನಿನ್ನೆಗಿಂತ ಉದ್ದವಾಗಿತ್ತು, ನಿನ್ನೆಗಿಂತ ಚೆನ್ನಾಗಿತ್ತು. ಪಂಚೆ ಮೇಲೆತ್ತಿ ಕುಣಿದದ್ದು ಮಾಸ್ತರೇ ಎಂದು ಆಗ ಗೊತ್ತಾಯಿತು. ಮಕ್ಕಳ ಮುಂದೆ ಕೋಲು ಹಿಡಿದು ಗಂಭೀರವಾಗಿ ನಡೆಯುತ್ತಿದ್ದ ಮೇಷ್ಟ್ರು ಸ್ಟೇಡಿಯಮ್ಮಿನಲ್ಲಿ ಕುಣಿದದ್ದನ್ನು ನೆನೆದು ಎಲ್ಲರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

* * *

ಹೊರಡುವ ಹಿಂದಿನ ದಿನ ಹೊಳೆದಂಡೆಯ ಬಯಲಿನಲ್ಲಿ ಊರಿನ ಹುಡುಗರ ಟೆನಿಸ್ ಬಾಲ್ ಪಂದ್ಯವಿತ್ತು. ಶಾಂತಾ ರಂಗಸ್ವಾಮಿಯ ಹೆಸರು ಕೇಳಿದ್ದ ಆ ಹುಡುಗಿಯೂ ಒಂದು ತಂಡದಲ್ಲಿದ್ದಳು. ಮಗ ಅಜ್ಜನ ಕೈ ಹಿಡಿದು ಕರೆದೊಯ್ದ. ಕಲ್ಲಿನ ಮೇಲೆ ಕೂರಿಸಿ ಪ್ರತಿ ಚೆಂಡನ್ನೂ ಹೇಳತೊಡಗಿದ.

‘ಅಜ್ಜ, ಈಗ ಓಡಿ ಬಂದ... ಹಾಕಿದ... ಹೊಡೆದ! ಸಿಕ್ಸ್!’

ದೊಡ್ಡಪ್ಪ ಕಿವಿಗೊಟ್ಟು ಕೇಳಿ ಹೇಳಿದರು: ‘ಸಿಕ್ಸ್ ಆಗಿದ್ರ ಆ ಕಡೆ ಚೆಂಡು ನೀರಿಗೆ ಬೀಳಬೇಕಿತ್ತಲ್ಲ. ಸಪ್ಪಳ ಬರಲಿಲ್ಲ.’

ಮಗ ತಲೆ ಕೆರೆದುಕೊಂಡ. ‘ಫೋರ್ ಅಜ್ಜ. ಮರಳಲ್ಲಿ ಒಂದು ಸಲ ಪುಟಿದು ಹೋಯ್ತು.’

‘ಹಾಂ. ಇದ್ದಂಗೆ ಹೇಳು. ಫೋರೂ ಸಣ್ಣದಲ್ಲ.’

ಆ ಹುಡುಗಿ ಎರಡು ವಿಕೆಟ್ ತೆಗೆದಳು. ಅವಳ ತಂಡ ಮೂರು ರನ್ನಿನಿಂದ ಸೋತಿತು. ಮನೆಗೆ ಬಂದ ಮೇಲೆ ಮಗ ಕೆಂಪು ರಟ್ಟಿನ ಪುಸ್ತಕ ತೆಗೆದು, ಹಿಂದಿನ ಕಡೆಯ ಖಾಲಿ ಪುಟದಲ್ಲಿ ಸ್ಕೋರು ಬರೆದ. ಕೊನೆಯಲ್ಲಿ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ ಒಂದು ಸಾಲು ಸೇರಿಸಿದ. ‘ಅಜ್ಜ ಮತ್ತು ನಾನು ನೋಡಿದೆವು’ ಎಂದು.

ಈಗ ರಣಜಿ ಪಂದ್ಯ ನಡೆಯುವ ದಿನಗಳಲ್ಲಿ ನಮ್ಮ ಮನೆಯಿಂದ ಸಂಜೆ ಹಲವಾಗಲಿಗೆ ಒಂದು ಫೋನ್ ಹೋಗುತ್ತದೆ. ಮಗ ಸ್ಕೋರು ಓದುತ್ತಾನೆ. ಆ ಕಡೆ ಫೋನನ್ನು ಕಟ್ಟೆಯ ಮೇಲೆ ಇಟ್ಟಿರುತ್ತಾರೆ, ಮಂಡಕ್ಕಿ ತಿನ್ನುವ ಸಪ್ಪಳ ನಮಗೂ ಕೇಳುತ್ತದೆ.